ಕಿವಿ ಮೇಸ್ತ್ರಿಯ ಕೊನೆಯ ಕಾರ್ಬುರೇಟರ್

ಆತನನ್ನು ಹುಟ್ಟುಹೆಸರಿನಿಂದ ಕರೆಯುವವರು ಆ ವರ್ಕ್‌ಶಾಪಿನಲ್ಲಿ ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಆತ ಕಿವಿ ಮೇಸ್ತ್ರಿ. ಹೆಸರು ಬಂದದ್ದು ಕಿವಿಯ ಗಾತ್ರದಿಂದಲ್ಲ, ಗುಣದಿಂದ. ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಉದ್ದನೆಯ ಸ್ಕ್ರೂಡ್ರೈವರಿನಿಂದ ಕಾರ್ಬುರೇಟರಿನ ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಗಾಳಿಗೆ ಪೆಟ್ರೋಲು ಎಷ್ಟು ಬೆರೆಯಬೇಕೆಂಬುದನ್ನು ಆತ ಬರಿಯ ಶಬ್ದದಿಂದ ನಿರ್ಧರಿಸುತ್ತಿದ್ದ. ಆ ಹೊತ್ತಿನಲ್ಲಿ ಗಾಳಿಯ ಕಂಪ್ರೆಸರ್ ನಿಲ್ಲಬೇಕು, ತಗಡು ಬಡಿಯುವವನು ಸುತ್ತಿಗೆ ಕೆಳಗಿಡಬೇಕು, ಕೆಮ್ಮು ಬಂದವನು ಬೀದಿಗೆ ಹೋಗಬೇಕು. "ಮೇಸ್ತ್ರಿ ಕೇಳ್ತಾ ಇದಾರೆ" ಎಂದು ಒಬ್ಬ ಹೇಳಿದರೆ ಉಳಿದವರೆಲ್ಲ ಕಂಬಗಳಾಗುತ್ತಿದ್ದರು.

ವಿದ್ಯೆ ದೊಡ್ಡದಾಗಿತ್ತು, ನಾಲಿಗೆ ಅದಕ್ಕಿಂತ ಒಂದು ಗೇಣು ದೊಡ್ಡದಾಗಿತ್ತು. ತನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ಆತ ಇಟ್ಟ ಹೆಸರು ಒಂದೇ: ಕಿವುಡ. 1982ರ ಆಗಸ್ಟ್ 2, ಸೋಮವಾರದಂದು ಆತನ ಹೆಂಡತಿಯ ತಮ್ಮ ಅಲ್ಲಿಗೆ ಕೆಲಸ ಕಲಿಯಲು ಸೇರಿದ. ಭಾವನೆಂಬ ಸಲಿಗೆ ಬಾಗಿಲಿನಾಚೆಗೇ ಉಳಿಯಿತು.

"ಮೂರನೇ ಸಿಲಿಂಡರ್ ತಪ್ಪಿ ಹೊಡೀತಾ ಇದೆ, ಕೇಳಿಸ್ತಾ?"

"ಇಲ್ಲ ಭಾವ."

ಸ್ಕ್ರೂಡ್ರೈವರಿನ ಹಿಡಿ ಬೆರಳ ಗಿಣ್ಣಿನ ಮೇಲೆ ಬೀಳುತ್ತಿತ್ತು. "ಕಿವಿ ಅಂದ್ರೆ ಏನಂದ್ಕೊಂಡ್ಯೋ, ಕನ್ನಡಕದ ಕಡ್ಡಿ ಸಿಗಿಸೋ ಗೂಟಾನಾ?"

ಸುತ್ತಲಿದ್ದವರು ನಗುತ್ತಿದ್ದರು; ನಗದವನ ಸರದಿ ಮರುದಿನ ಬರುತ್ತಿತ್ತು. ಗಿಣ್ಣಿಗೆ ಏಟು ತಿಂದ ಆ ಹುಡುಗನೇ ಮುಂದೆ, ಹಳೆಯ ಧಣಿ ಊರು ಬಿಟ್ಟಾಗ, ವರ್ಕ್‌ಶಾಪನ್ನು ಕೊಂಡು ಮಾಲೀಕನಾದ. ಕಂಪ್ಯೂಟರಿನಿಂದ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳು ಬರತೊಡಗಿದ್ದು ಆ ಕಾಲದಲ್ಲಿಯೇ. ಅವುಗಳಿಗೆ ತಿರುಪಿಲ್ಲ, ಅವು ಯಾರ ಕಿವಿಯನ್ನೂ ಕೇಳುವುದಿಲ್ಲ. ಮಾಲೀಕ ಅವುಗಳ ದೋಷ ಓದುವ ಒಂದು ಸ್ಕ್ಯಾನರ್ ತಂದ. ಮೇಸ್ತ್ರಿ ಅದನ್ನು "ಡಬ್ಬಿ" ಎಂದ, ಮಾಲೀಕನನ್ನು "ಡಬ್ಬಿ ಡಾಕ್ಟ್ರು" ಎಂದ, ಮೂಲೆಯ ತನ್ನ ಜಾಗದಲ್ಲಿ ಹಳೆಯ ಗಾಡಿಗಳನ್ನು ಕಾಯುತ್ತ ಕುಳಿತ.

ಆ ಮೂಲೆಗೆ ನೇರ ಎದುರಾಗಿ ಬಿಡಿಭಾಗಗಳ ಕೋಣೆಯ ಕಿಟಕಿ. ಅದರ ಹಿಂದೆ ನಿಂತು ನಟ್ಟು, ಬೋಲ್ಟು, ಗ್ಯಾಸ್ಕೆಟ್ಟುಗಳನ್ನು ಕೊಡುತ್ತಿದ್ದವಳು ಆತನ ಹೆಂಡತಿ. ಬಹಳ ವರ್ಷ ಅಲ್ಲಿಯೇ ನಿಂತು ನಿಂತು, ಯಾವ ಎಂಜಿನ್ ಚೆನ್ನಾಗಿದೆ, ಯಾವುದಕ್ಕೆ ಉಬ್ಬಸ ಎಂಬುದು ಆಕೆಗೂ ತಿಳಿಯುತ್ತಿತ್ತು. ಅದನ್ನು ಆಕೆ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

1997ರ ಜೂನ್ 12, ಗುರುವಾರ, ಅಂಗಳದಲ್ಲಿ ಲಾರಿಯ ಚಕ್ರವೊಂದಕ್ಕೆ ಗಾಳಿ ತುಂಬುವಾಗ ಟಯರು ಸಿಡಿಯಿತು. ಕೆಲವರು ಜುಲೈ ಎನ್ನುತ್ತಾರೆ, ಅದು ತಪ್ಪು. ಚಕ್ರದ ಪಕ್ಕದಲ್ಲಿ ಮೇಸ್ತ್ರಿ ಇದ್ದ, ಆತನ ಹಿಂದೆ ಪಿನ್ನು ಕೊಡಲು ಬಂದ ಹೆಂಡತಿ ಇದ್ದಳು. ಆಕೆಯ ಕಿವಿ ಎರಡು ದಿನ ಗುಂಯ್ ಎಂದು ಸರಿಹೋಯಿತು. ಆತನ ಕಿವಿ ಮತ್ತೆ ತೆರೆಯಲೇ ಇಲ್ಲ. ಜ್ವರವೆಂದು ಹೇಳಿಕಳಿಸಿ ಒಂದು ವಾರ ಮನೆಯಲ್ಲಿ ಮಲಗಿದ. ತಟ್ಟೆ ಬಿದ್ದರೂ, ಬಾಗಿಲು ಬಡಿದರೂ ತಿರುಗಿ ನೋಡದಾದ.

"ಯಾರಿಗೂ ಹೇಳ್ಬೇಡ" ಎಂದ, ತನ್ನ ದನಿಯ ಎತ್ತರ ತನಗೇ ತಿಳಿಯದೆ. "ಕಿವಿ ಹೋಯ್ತು ಅಂತ ಗೊತ್ತಾದ್ರೆ ನಿನ್ನ ತಮ್ಮ ನನ್ನ ಕಸದ ಜೊತೆ ಗುಡಿಸಿ ಹಾಕ್ತಾನೆ."

"ಇಷ್ಟು ಜೋರಾಗಿ ಮಾತಾಡಿದ್ರೆ ಗೊತ್ತಾಗ್ದೆ ಇರತ್ತಾ?" ಎಂದಳು ಆಕೆ, ಅವನಿಗೆ ಕಾಣುವಂತೆ ತುಟಿ ಬಿಡಿಸಿ.

ಆತ ಯೋಚಿಸಿದ. ಹಾದಿ ಸಿಕ್ಕಿತು. ಕೆಲಸಕ್ಕೆ ಹಿಂದಿರುಗಿದ ದಿನವೇ ಅಂಗಳದ ನಡುವೆ ನಿಂತು ಘೋಷಿಸಿದ: "ನನಗೇನೂ ಆಗಿಲ್ಲ ಕಣ್ರಯ್ಯಾ! ಇವಳ ಕಿವಿ ಹೋಯ್ತು. ಇನ್ಮೇಲೆ ಕೂಗಿ ಕೂಗಿ ನನ್ನ ಗಂಟಲು ಹೋಗತ್ತೆ, ಅಷ್ಟೇ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತಿದೆ. ಇಲ್ಲಿ ಎಮ್ಮೆ ಒಪ್ಪಿಯೇ ಬರೆ ಹಾಕಿಸಿಕೊಂಡಿತು. ಕೆಲವು ದಿನಗಳ ಮಟ್ಟಿಗೆ ಎಂದು ಆಕೆ ತಿಳಿದಿದ್ದಳು.

ಇಬ್ಬರ ನಡುವೆ ಒಂದು ಏರ್ಪಾಡು ಬೆಳೆಯಿತು. ಆತ ತಿರುಪಿಗೆ ಸ್ಕ್ರೂಡ್ರೈವರ್ ಕೊಟ್ಟು ಕಣ್ಣು ಮುಚ್ಚುತ್ತಿದ್ದ, ಪೂರ್ತಿ ಮುಚ್ಚುತ್ತಿರಲಿಲ್ಲ. ರೆಪ್ಪೆಯ ಸಂದಿಯಿಂದ ಕಿಟಕಿಯ ಕಟ್ಟೆಯ ಮೇಲಿನ ಆಕೆಯ ಬಲಗೈಯನ್ನು ನೋಡುತ್ತಿದ್ದ. ಅಂಗೈ ಚಾಚಿದ್ದರೆ ತಿರುಪು ಇನ್ನೂ ಒಳಕ್ಕೆ, ಪೆಟ್ರೋಲು ಕಡಿಮೆ. ಮುಷ್ಟಿ ಕಟ್ಟಿದರೆ ಹೊರಕ್ಕೆ, ಪೆಟ್ರೋಲು ಹೆಚ್ಚು. ಕೈ ಎತ್ತಿಬಿಟ್ಟರೆ ಸರಿಯಾಯಿತು. ಜನ ಮಾತಾಡಿಸಿದರೆ ಅವರ ಮಾತು ಮುಗಿಯುವ ಮೊದಲೇ "ಗೊತ್ತು, ಗೊತ್ತು" ಎಂದು ಕೈಬೀಸಿ ಮುಂದೆ ನಡೆಯುತ್ತಿದ್ದ. ಅಹಂಕಾರ ಮೊದಲೇ ಎಲ್ಲರಿಗೂ ಪರಿಚಿತವಾದದ್ದರಿಂದ ಅದರ ಹಿಂದೆ ಇನ್ನೇನೋ ಅಡಗಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಅಲ್ಲದೆ, ಟ್ಯೂನಿಂಗ್ ಮೊದಲಿಗಿಂತ ಚೆನ್ನಾಗಿಯೇ ಬರುತ್ತಿತ್ತು.

ಆಕೆಗೆ ಬಂದದ್ದು ಬೇರೆ. ಕಿವುಡಿಯೆಂದು ಗೊತ್ತಾದ ಮೇಲೆ ಜನರಿಗೆ ಆಕೆಯ ಮುಂದೆ ಮರೆಯೇ ಇಲ್ಲದಾಯಿತು. ಗಾಡಿಗಳಿಗೆ ಬಣ್ಣ ಹೊಡೆಯುವ ಪೇಂಟರ್ ಕಿಟಕಿಗೆ ಒರಗಿ ನಿಂತು ಆಕೆಯ ನಡಿಗೆಯನ್ನು, ಮುಖವನ್ನು, ಹರಿದ ಚಪ್ಪಲಿಯನ್ನು ವರ್ಣಿಸುತ್ತಿದ್ದ. "ಗೋಡೆಗಾದ್ರೂ ಕಿವಿ ಇರತ್ತೆ, ಈ ಯಮ್ಮನಿಗಿಲ್ಲ" ಎಂದು ಹೇಳಿ, ಆಮೇಲೆ ಆಕೆಯ ಮುಖದ ಹತ್ತಿರ ಬಾಗಿ, "ಹತ್ತನೇ ನಂಬರ್ ಬೋಲ್ಟ್ ಕೊಡೀಮ್ಮಾ!" ಎಂದು ಕಿರುಚುತ್ತಿದ್ದ. ಆಕೆ ಬೋಲ್ಟು ಕೊಡುತ್ತಿದ್ದಳು. ಒಂದು ದಿನ ಸ್ವಂತ ತಮ್ಮನೇ ಅದೇ ಕಿಟಕಿಯ ಮುಂದೆ ನಿಂತು ಪೇಂಟರಿಗೆ ಹೇಳಿದ: "ಭಾವನ ಜಾಗದಲ್ಲಿ ಚಕ್ರ ಅಲೈನ್ ಮಾಡೋ ಮಷೀನ್ ಇಡ್ಬೇಕು. ಅವ್ರು ಹೋದ್ರೆ ಅಕ್ಕನ್ನೂ ಮನೇಲೇ ಕೂರಿಸ್ಬಹುದು. ಕಿವುಡೀನ ಇಟ್ಕೊಂಡು ಅಂಗಡಿ ನಡೆಸೋಕಾಗತ್ತಾ?" ಆಕೆ ವಾಷರುಗಳನ್ನು ಅಳತೆಯಂತೆ ವಿಂಗಡಿಸುತ್ತಿದ್ದಳು, ಒಂದೂ ತಪ್ಪು ಡಬ್ಬಿಗೆ ಬೀಳಲಿಲ್ಲ.

ಇವನ್ನೆಲ್ಲ ಆಕೆ ನುಂಗಿಕೊಂಡಳು. ನುಂಗಲಾಗದ್ದು ಫೋನು. ಮನೆಯಲ್ಲಿ ಫೋನಿರಲಿಲ್ಲ. ದೂರದ ಪಟ್ಟಣಕ್ಕೆ ಮದುವೆಯಾಗಿ ಹೋದ ಮಗಳು ವರ್ಕ್‌ಶಾಪಿಗೇ ಮಾಡಬೇಕು. ಅಲ್ಲಿನ ಫೋನು ಬಿಡಿಭಾಗಗಳ ಕೋಣೆಗೆ ಅಂಟಿದ ಮಾಲೀಕನ ಗಾಜಿನ ಕೋಣೆಯಲ್ಲಿತ್ತು. ಅಪ್ಪನ ಗುಟ್ಟು ಮಗಳಿಗೂ ತಿಳಿಯದು. ತಾಯಿಗೆ ಕಿವಿ ಹೋಗಿದೆಯೆಂದೇ ಅವಳೂ ನಂಬಿದ್ದಳು. 2001ರ ಜನವರಿ 18ರಂದು ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಮಾಲೀಕ ಗಾಜಿನ ಬಾಗಿಲು ತೆರೆದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿ ಆಕೆಗೆ ಮುಟ್ಟಿಸಿದ. ಎರಡು ವರ್ಷ ಕಳೆದು, 2003ರ ಫೆಬ್ರವರಿಯಲ್ಲಿ, ಆ ಮಗುವೇ ಫೋನಿನಲ್ಲಿ ಮಾತಾಡಿತು. ರಿಸೀವರಿನಿಂದ ಸಣ್ಣ ದನಿ ಎರಡು ಕೋಣೆಗಳ ನಡುವಿನ ಮರದ ತಡಿಕೆಯ ಈಚೆಗೂ ಹರಿದು ಬರುತ್ತಿತ್ತು.

"ಅಜ್ಜಿ ಬೇಕು."

"ಅಜ್ಜಿಗೆ ಕಿವಿ ಕೇಳಲ್ಲ ಪುಟ್ಟಾ. ನನ್ನ ಹತ್ರ ಹೇಳು" ಎಂದ ಮಾಲೀಕ.

"ಅಜ್ಜೀನೇ ಬೇಕು."

ತಡಿಕೆಯ ಈಚೆ, ಕೈಯಳತೆಯಲ್ಲಿ, ಅಜ್ಜಿ ಎಣ್ಣೆಯ ಸೀಲುಗಳನ್ನು ಜೋಡಿಸುತ್ತ ನಿಂತಿದ್ದಳು.

ಆ ಸಂಜೆ ಗಂಡನ ಮುಂದೆ ಕುಳಿತು ಆಕೆ ತುಟಿ ಬಿಡಿಸಿ ಕೇಳಿದಳು: "ರೀ, ಕಿವಿಗೆ ಮಷೀನ್ ಹಾಕಿಸ್ಕೊಂಡೆ, ಸ್ವಲ್ಪ ಕೇಳಿಸತ್ತೆ ಅಂತ ಹೇಳ್ಬಿಡ್ತೀನಿ. ಮಗೂನ ಹತ್ರ ಮಾತಾಡ್ಬೇಕು ನಾನು."

ಆಕೆಯ ಕಿವಿ ತೆರೆದರೆ ತನ್ನ ಕೂಗಿಗೆ ಯಾವ ನೆಪವೂ ಉಳಿಯದು.

"ಡಾಕ್ಟ್ರ ಗಾಡಿ ಒಂದು ಮುಗೀಲಿ" ಎಂದ. "ಆಮೇಲೆ ಹೇಳ್ಕೋ."

ಡಾಕ್ಟರೆಂದರೆ ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಅವರ ಹಳೆಯ ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಪೆಟ್ಟಿಗೆಗೆ ನೀರು ಇಳಿದು ಸುಟ್ಟುಹೋಗಿತ್ತು. ಕಂಪನಿ ಆ ಪೆಟ್ಟಿಗೆ ಮಾಡುವುದನ್ನು ನಿಲ್ಲಿಸಿತ್ತು. ಆ ವಾರವಷ್ಟೇ ಮಾಲೀಕ ಕೈಚೆಲ್ಲಿದಾಗ ಮೇಸ್ತ್ರಿ ಮೂಲೆಯಿಂದ ಎದ್ದು ಬಂದಿದ್ದ.

"ಕಿತ್ತು ಬಿಸಾಕು ಪೆಟ್ಟಿಗೆನ. ಇದೇ ಎಂಜಿನ್ ಮೊದಲು ಕಾರ್ಬುರೇಟರಲ್ಲೇ ಬರ್ತಿತ್ತು. ತಿರುಗಿ ಕಾರ್ಬುರೇಟರ್ ಕೂರಿಸ್ತೀನಿ."

"ಆಗತ್ತಾ ಭಾವ?" ಎಂದ ಮಾಲೀಕ. ಆಮೇಲೆ, ಭಾವನ ಮುಖ ನೋಡುತ್ತ, ಪ್ರತಿ ಪದವನ್ನೂ ತೂಗಿ ಹೇಳಿದ: "ಮಾರ್ಚ್ 22, ಶನಿವಾರ. ಡಾಕ್ಟ್ರ ಎದುರಿಗೇ ಗಾಡಿ ನಿಂತ ಜಾಗದಲ್ಲಿ ಒಂದೇ ಸಮ ಓಡ್ಬೇಕು. ಓಡಿದ್ರೆ ಆ ಮೂಲೆ ನಿಮ್ದು, ಸಾಯೋವರೆಗೂ. ಇಲ್ಲಾಂದ್ರೆ ಸೋಮವಾರ ಅಲ್ಲಿ ಮಷೀನ್ ಬರತ್ತೆ."

ಗಿಣ್ಣಿನ ಮೇಲೆ ಬಿದ್ದ ಏಟುಗಳ ಲೆಕ್ಕ ಅಂದು ಇತ್ಯರ್ಥವಾಗುವುದಿತ್ತು.

ಮಾರ್ಚ್ 3ರಂದು ಕೆಲಸ ಆರಂಭವಾಯಿತು. ಆ ಕೆಲಸದ ವಿಷಯದಲ್ಲಿ ಆತನನ್ನು ದೂರುವಂತಿಲ್ಲ. ಇಂಜೆಕ್ಟರುಗಳನ್ನೂ ಅವುಗಳ ಕೊಳವೆಯನ್ನೂ ಬಿಚ್ಚಿದ. ಗಾಳಿ-ಪೆಟ್ರೋಲನ್ನು ಸಿಲಿಂಡರುಗಳಿಗೆ ಹಂಚುವ ಹಳೆಯ ಮಾದರಿಯ ಮ್ಯಾನಿಫೋಲ್ಡನ್ನು ಗುಜರಿಯಿಂದ ಹುಡುಕಿ ತಂದು, ಉಜ್ಜಿ, ಹಲಗೆಯಂಥ ಗಾಜಿನ ಮೇಲಿಟ್ಟು ಸಮತಟ್ಟು ನೋಡಿ ಕೂರಿಸಿದ. ಟ್ಯಾಂಕಿನೊಳಗಿನ ಪಂಪಿನ ಒತ್ತಡ ಕಾರ್ಬುರೇಟರಿಗೆ ಆನೆಯ ಕಾಲು. ಅದನ್ನು ತೆಗೆದು ಮೆತ್ತಗಿನ ಪಂಪು ಹಾಕಿದ. ಕಿಡಿ ಹಂಚಲು ಹಳೆಯ ಡಿಸ್ಟ್ರಿಬ್ಯೂಟರ್ ಇಟ್ಟ. ಎಂಜಿನ್ ಬಿಸಿಯಾದಾಗ ರೇಡಿಯೇಟರಿನ ಫ್ಯಾನನ್ನು ಓಡಿಸುತ್ತಿದ್ದುದೂ ಆ ಸತ್ತ ಪೆಟ್ಟಿಗೆಯೇ. ಈಗ ಅದನ್ನು ನೇರವಾಗಿ ಕೀಲಿಗೆ ಸೇರಿಸಿದ. ಕೀಲಿ ತಿರುಗಿಸಿದರೆ ಫ್ಯಾನು ತಿರುಗುತ್ತದೆ, ಕೀಲಿ ತೆಗೆದರೆ ನಿಲ್ಲುತ್ತದೆ.

"ಮೇಸ್ತ್ರಿ, ಕೀಲಿ ಹಾಗೇ ಇದ್ರೆ ಎಂಜಿನ್ ಆಫ್ ಆದ್ರೂ ಫ್ಯಾನ್ ತಿರುಗ್ತಾನೇ ಇರತ್ತಲ್ಲಾ?" ಎಂದ ಪೇಂಟರ್.

"ಗೊತ್ತು, ಗೊತ್ತು" ಎಂದ ಮೇಸ್ತ್ರಿ.

ಶುಕ್ರವಾರದ ಹೊತ್ತಿಗೆ ಟ್ಯೂನಿಂಗ್ ಒಂದನ್ನು ಬಿಟ್ಟು ಎಲ್ಲವೂ ಮುಗಿದಿತ್ತು. ಎಂಜಿನ್ ಮೊದಲ ಸಲ ಹೊತ್ತಿಕೊಂಡಾಗ, ಒರಟಾಗಿಯಾದರೂ, ಸೇರಿದವರು ಚಪ್ಪಾಳೆ ತಟ್ಟಿದರು. ಮಾಲೀಕನೂ ಮೆಚ್ಚಿದ. ಇಂಥ ಪೆಟ್ಟಿಗೆ ಸುಟ್ಟ ಗಾಡಿಗಳು ಊರಲ್ಲಿ ಇನ್ನೂ ಹಲವಿವೆ, ಇದು ಗೆದ್ದರೆ ಸಾಲುಗಟ್ಟಿ ಬರುತ್ತವೆ ಎಂದು ಭಾವನ ಬೆನ್ನು ತಟ್ಟಿ, ಎದುರಿಗೆ ನಿಂತು ಹೇಳಿದ.

ಆ ಸಂಜೆ ಮನೆಗೆ ಬಂದ ಮೇಸ್ತ್ರಿ ಹೊಸಬನಂತಿದ್ದ. ಬಾಯಿ ತುಂಬ ನಗುತ್ತಿದ್ದ.

"ನಾಳೆ ಮುಗೀತು. ನಾಡಿದ್ದು ತಮ್ಮನಿಗೆ ಹೇಳ್ತೀನಿ, ಕಿವಿ ಸರಿ ಹೋಯ್ತು ಅಂತ" ಎಂದಳು ಆಕೆ.

"ಹುಚ್ಚಾ ನಿಂಗೆ? ಇನ್ನೂ ಗಾಡಿ ಬರ್ತಾವೆ ಅಂದನಲ್ಲಾ. ಈಗ ನಿನ್ನ ಕಿವಿ ಬಂದ್ರೆ ನನ್ನ ಕಿವಿ ಎಲ್ಲಿ ಹೋಗತ್ತೆ?"

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಈಗ ವಾಪಸ್ ತಗೊಂಡೆ." ಆತ ತಟ್ಟೆ ಎಳೆದುಕೊಂಡ. "ಆ ಕೂಸು ಫೋನಲ್ಲಿ ಏನ್ ವೇದಾಂತ ಹೇಳತ್ತೆ ಅಂತ ಅಷ್ಟು ಅವಸರ? ಸಾಯೋವರೆಗೂ ಮೂಲೆ ನಂದು ಅಂದಿದಾನೆ. ಸಾಯೋವರೆಗೂ ಕಿಟಕಿ ನಿಂದು. ಬಡಿಸು."

ಆಕೆ ಬಡಿಸಿದಳು.

ಮರುದಿನ ಬೆಳಿಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸಿದ್ದರು. ಡಾಕ್ಟರು ಬಂದು, ಕಿಟಕಿಯತ್ತ ನೋಡಿ, ಮೆಲ್ಲಗೆ ಕೈ ಮುಗಿದು, "ಚೆನ್ನಾಗಿದೀರಾ ಅಮ್ಮಾ?" ಎಂದರು. ಮೇಸ್ತ್ರಿ ಅವರ ಮುಗಿದ ಕೈ ಕಂಡು ಬಾಯಿ ಹಾಕಿದ.

"ಅವಳಿಗೆ ಕೇಳಲ್ಲ ಡಾಕ್ಟ್ರೇ! ಕಿವುಡನ ಮುಂದೆ ಕಿನ್ನರಿ ಯಾಕೆ ಬಾರಿಸ್ತೀರಾ? ಕಿವಿ ಇದ್ದಾಗ್ಲೂ ಅದರಿಂದ ತಲೆವರೆಗೂ ಏನೂ ಹೋಗ್ತಿರ್ಲಿಲ್ಲ ಬಿಡಿ. ದಾರಿ ಮಧ್ಯೆ ಖಾಲಿ ಜಾಗ!"

ಎಲ್ಲರೂ ನಕ್ಕರು, ಪೇಂಟರ್ ಎಲ್ಲರಿಗಿಂತ ಉದ್ದವಾಗಿ ನಕ್ಕ. ಡಾಕ್ಟರು ನಗಲಿಲ್ಲ. ಆಕೆ ಬಲಗೈಯನ್ನು ಕಟ್ಟೆಯ ಮೇಲಿಟ್ಟಳು, ಅಂಗೈ ಚಾಚಿ.

ಮಾಲೀಕ ಕೀಲಿ ತಿರುಗಿಸಿ ಎಂಜಿನ್ ಹೊತ್ತಿಸಿ ಹೊರಬಂದ. ಫ್ಯಾನು ಗಿರ್ರೆಂದಿತು. ಮಿತಿ ಮೀರಿ ಪೆಟ್ರೋಲು ಕುಡಿಯುತ್ತಿದ್ದ ಎಂಜಿನ್ ಕುಂಟುತ್ತ, ಕೆಮ್ಮುತ್ತ ಕಪ್ಪು ಹೊಗೆ ಬಿಡುತ್ತಿತ್ತು.

"ಗೇಜ್ ತರಿಸ್ಲಾ ಭಾವ?" ಎಂದು ಮಾಲೀಕ, ಎಂಜಿನ್ನಿನ ಒತ್ತಡ ಅಳೆಯುವ ಮುಳ್ಳಿನ ಗೇಜನ್ನು ಕೈಯಲ್ಲಿ ದುಂಡಗೆ ತೋರಿಸಿದ.

"ಗೇಜು ನಿನ್ನಂಥ ಕಿವುಡರಿಗೆ. ಕಂಪ್ರೆಸರ್ ನಿಲ್ಲಿಸ್ರೋ!"

ಕಂಪ್ರೆಸರ್ ನಿಂತಿತು. ಮೇಸ್ತ್ರಿ ಎಡಗೈಯನ್ನು ರೇಡಿಯೇಟರಿನ ಮೇಲಣ ತಗಡಿನ ಮುಂಪಟ್ಟಿಯ ಮೇಲೆ ಊರಿ, ಸೈಕಲ್ ಟ್ಯೂಬು ಸುತ್ತಿದ ದಪ್ಪ ಹಿಡಿಯ ಸ್ಕ್ರೂಡ್ರೈವರನ್ನು ತಿರುಪಿಗೆ ಕೊಟ್ಟು, ತಲೆ ಓರೆ ಮಾಡಿ ಕಣ್ಣು ಮುಚ್ಚಿದ.

ತಿರುಪು ಒಳಕ್ಕೆ ಹೋಯಿತು. ಎಂಜಿನ್ನಿನ ಕೆಮ್ಮು ಕಡಿಮೆಯಾಯಿತು. ಅಂಗೈ ಚಾಚಿಯೇ ಇತ್ತು. ಇನ್ನಷ್ಟು ಒಳಕ್ಕೆ. ಹೊಗೆ ತೆಳುವಾಯಿತು, ಕುಂಟು ಹೋಯಿತು, ದನಿ ನುಣುಪಾಯಿತು. ಇನ್ನು ಒಂದು ಕೂದಲೆಳೆ. ಆಗ ಅದು ಎಣ್ಣೆ ಹಚ್ಚಿದ ದಾರದಂತೆ ಒಂದೇ ಸಮನೆ ಎಳೆಯತೊಡಗಿತು. ಮಾಲೀಕ ಹುಬ್ಬೇರಿಸಿದ. ಡಾಕ್ಟರು ಮುಗುಳ್ನಕ್ಕರು. ಕಿಟಕಿಯ ಹಿಂದೆ ನಿಂತವಳಿಗೂ ಅದು ಕೇಳಿಸಿತು. ಅಲ್ಲಿದ್ದ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿಸಿತು.

ಆಕೆ ಕೈ ಎತ್ತಲಿಲ್ಲ.

ಆತ ತಿರುಗಿಸಿದ. ದನಿ ತೆಳ್ಳಗಾಯಿತು. ಅಂಗೈ ಚಾಚಿಯೇ ಇತ್ತು. ಮತ್ತೆ ತಿರುಗಿಸಿದ. ಎಂಜಿನ್ ಬಿಕ್ಕಿತು, ಎರಡು ಸಲ ತಡವರಿಸಿತು, ನಿಂತಿತು.

ಫ್ಯಾನು ಮಾತ್ರ ತಿರುಗುತ್ತಿತ್ತು. ಅದರ ನಡುಕ ಮುಂಪಟ್ಟಿಯ ತಗಡಿನಲ್ಲಿ, ಆತನ ಎಡಗೈಯ ಕೆಳಗೆ, ಸಣ್ಣಗೆ ಹರಿಯುತ್ತಲೇ ಇತ್ತು. ಮೇಸ್ತ್ರಿಗೆ ಎಂಜಿನ್ ಇನ್ನೂ ಬದುಕಿತ್ತು. ಆತ ತಲೆಯನ್ನು ಇನ್ನಷ್ಟು ಓರೆ ಮಾಡಿದ. ತುಟಿಯ ಕೊನೆಯಲ್ಲಿ ನಗು ಮೂಡಿತು. ಸತ್ತ ಎಂಜಿನ್ನಿನ ತಿರುಪನ್ನು ಒಂದಿಷ್ಟು ಒಳಕ್ಕೆ, ಇನ್ನೊಂದಿಷ್ಟು ಒಳಕ್ಕೆ ಕಳಿಸಿದ.

ಪೇಂಟರ್ ಬಾಯಿ ತೆರೆದ. ಮಾಲೀಕ ಅವನ ಎದೆಗೆ ಕೈ ಅಡ್ಡ ಹಿಡಿದ. ಉಳಿದವರು ಕಂಬಗಳಾದರು. ಮೇಸ್ತ್ರಿ ಕೇಳುತ್ತಿದ್ದ.

ಆಕೆ ಸಾಕಷ್ಟು ಹೊತ್ತು ಹಾಗೆಯೇ ಬಿಟ್ಟಳು, ಎಲ್ಲರೂ ಚೆನ್ನಾಗಿ ನೋಡಲಿ ಎಂಬಂತೆ. ಆಮೇಲೆ ಕೈ ಎತ್ತಿದಳು.

ಮೇಸ್ತ್ರಿ ನೆಟ್ಟಗೆ ನಿಂತ. ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿದ. ಅಂಗಳವೆಲ್ಲ ಮೊಳಗುವ ದನಿಯಲ್ಲಿ ಡಾಕ್ಟರಿಗೆ ಹೇಳಿದ: "ಕೇಳಿ ಡಾಕ್ಟ್ರೇ, ಕಿವಿಗೊಟ್ಟು ಕೇಳಿ! ಹಾಲು ಕುಡಿದ ಮಗು ನಿದ್ದೆ ಮಾಡಿದ ಹಾಗಿದೆ!"

"ಎಂಜಿನ್ ನಿಂತುಹೋಗಿದೆಯಲ್ಲಾ" ಎಂದರು ಡಾಕ್ಟರು.

"ಗೊತ್ತು, ಗೊತ್ತು. ಹತ್ತು ವರ್ಷ ಇತ್ತ ತಿರುಗಿ ನೋಡೋ ಹಾಗಿಲ್ಲ."

ಆಗ ಪೇಂಟರಿಗೆ ತಡೆಯಲಾಗಲಿಲ್ಲ. ಅವನ ಹಿಂದೆ ತಗಡಿನವನು, ಅವನ ಹಿಂದೆ ಉಳಿದವರು. ಹೊಟ್ಟೆ ಹಿಡಿದು, ಗಾಡಿಗಳಿಗೆ ಒರಗಿ ನಕ್ಕರು. ಅವರು ತನ್ನ ಗೆಲುವಿಗೆ ನಗುತ್ತಿದ್ದಾರೆಂದು ತಿಳಿದು ಮೇಸ್ತ್ರಿಯೂ ನಕ್ಕ. ಮಾಲೀಕ ನಿಧಾನವಾಗಿ ನಡೆದು ಬಂದು, ಭಾವನ ಮುಖದಿಂದ ದೃಷ್ಟಿ ತೆಗೆಯದೆ, ಒಳಗೆ ಕೈ ಹಾಕಿ ಕೀಲಿಯನ್ನು ಹಿಂದಕ್ಕೆ ತಿರುಗಿಸಿದ. ಫ್ಯಾನು ನಿಂತಿತು. ಎಡಗೈಯ ಕೆಳಗಿನ ನಡುಕ ನಿಂತಿತು. ಆತ ಫ್ಯಾನನ್ನು ನೋಡಿದ, ನಗುವ ಬಾಯಿಗಳನ್ನು ನೋಡಿದ, ಕೊನೆಗೆ ಕಿಟಕಿಯನ್ನು ನೋಡಿದ.

ಮಾಲೀಕನೂ ಕಿಟಕಿಯ ಹತ್ತಿರ ಹೋದ. ತುಟಿ ಕಾಣದಂತೆ ಆಕೆಗೆ ಬೆನ್ನು ತಿರುಗಿಸಿ ನಿಂತು, ಪಿಸುಮಾತಿನಲ್ಲಿ, "ಅಕ್ಕ?" ಎಂದ.

"ಪಿಸುಗುಟ್ಟಬೇಡ ಕಣೋ" ಎಂದಳು ಆಕೆ. "ನನಗೆ ಮೊದಲಿಂದ್ಲೂ ಕೇಳಿಸತ್ತೆ. ಕಿವುಡೀನ ಮನೇಲಿ ಕೂರಿಸ್ಬೇಕು ಅಂದ್ಯಲ್ಲ, ಅದೂ ಕೇಳಿಸ್ತು. ನನ್ನ ಚಪ್ಪಲಿ ವಿಷಯ ಈ ಪೇಂಟರ್ ಹೇಳಿದ್ದೂ ಕೇಳಿಸ್ತು. ಆ ಫೋನ್ ತಗೊಂಡು ಬಂದು ಈ ಕಡೆ ಇಡು."

ನಗು ಒಬ್ಬೊಬ್ಬರಲ್ಲಾಗಿ ಆರಿತು. ಪೇಂಟರ್ ಬಣ್ಣದ ಡಬ್ಬಿಯೊಂದನ್ನು ಎತ್ತಿಕೊಂಡು, ಅದು ಖಾಲಿಯೆಂಬುದನ್ನೂ ಗಮನಿಸದೆ, ಶೆಡ್ಡಿನ ಹಿಂದಕ್ಕೆ ಹೋದ. ಫೋನು ಕಿಟಕಿಗೆ ಬಂತು.

ಮಾಲೀಕ ಗೇಜು ಇಟ್ಟು ಡಾಕ್ಟರ ಗಾಡಿಯನ್ನು ಅರ್ಧ ಗಂಟೆಯೊಳಗೆ ಸರಿಮಾಡಿದ. ತಿರುಪನ್ನು ಬಿಟ್ಟರೆ ಮುಟ್ಟಬೇಕಾದದ್ದು ಏನೂ ಇರಲಿಲ್ಲ. ಗಾಡಿ ಅನೇಕ ವರ್ಷ ಓಡಿತು. ಅದನ್ನು ನೋಡಿ ಬಂದ ಗಿರಾಕಿಗಳಿಗೆ ಮಾಲೀಕ, ಕಾರ್ಬುರೇಟರ್ ಕೂರಿಸಿದ್ದು ತಾನೇ ಎಂದ. ಅಲ್ಲವೆನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಸೋಮವಾರ, ಮಾರ್ಚ್ 24ರಂದು, ಮೂಲೆಗೆ ಮಷೀನು ಬಂತು. ಮೇಸ್ತ್ರಿ ಆಮೇಲೂ ಒಂದು ತಿಂಗಳು ಬರುತ್ತಿದ್ದ. ಮನೆಯಲ್ಲಿ ಕೂರಲು ಆತ ಕಲಿತಿರಲಿಲ್ಲ. ಕೆಲಸದವರಿಗೆ ಹೊಸ ಆಟ ಸಿಕ್ಕಿತು. ದನಿಯಿಲ್ಲದೆ ಬರಿಯ ತುಟಿ ಆಡಿಸುತ್ತ ಆತನ ಮುಂದೆ ನಿಲ್ಲುವುದು. ಆತ "ಗೊತ್ತು, ಗೊತ್ತು" ಎನ್ನುವವರೆಗೂ ಆಡಿಸುವುದು. ಆತ ಪ್ರತಿ ಸಲವೂ ಅನ್ನುತ್ತಿದ್ದ. ಕಿಟಕಿಯ ಹಿಂದೆ ನಿಂತವಳು ತಡೆಯಬಹುದಾಗಿತ್ತು. ಆಕೆ ಬಿಡಿಭಾಗ ಕೊಡುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ಆತ ತನ್ನ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ.

ಅದೇ ವರ್ಷದ ಜುಲೈ 7ರಂದು ಆಕೆ ತನ್ನ ಸಂಬಳದಿಂದ ಮನೆಗೇ ಫೋನು ಹಾಕಿಸಿದಳು. ಭಾನುವಾರ ಬೆಳಿಗ್ಗೆ ಮಗಳು ಮಾಡುತ್ತಿದ್ದಳು, ಆಮೇಲೆ ಮಗು. ಗಂಟೆ ಬಾರಿಸಿದ್ದು ಆತನಿಗೆ ತಿಳಿಯುತ್ತಿರಲಿಲ್ಲ. ಹೆಂಡತಿ ಏಳುವುದನ್ನು ಕಂಡು ತಾನೂ ಏಳುತ್ತಿದ್ದ. ಎದುರಿನ ಕುರ್ಚಿಯಲ್ಲಿ ಕುಳಿತು ಆಕೆಯ ತುಟಿ ನೋಡುತ್ತಿದ್ದ. ಮಗುವಿನ ಮಾತಿನಲ್ಲಿ ಅರ್ಧ ಹೆಂಡತಿಯ ಉತ್ತರದಲ್ಲಿ ಸಿಗುತ್ತದಲ್ಲ, ಅಷ್ಟಾದರೂ ದಕ್ಕಲೆಂದು. ಆಕೆ ಗೋಡೆಯ ಕಡೆ ತಿರುಗಿ ಕೂರತೊಡಗಿದಳು. ಮುಂದಿನ ಭಾನುವಾರ ಆತ ಕುರ್ಚಿಯನ್ನು ಗೋಡೆಯ ಬದಿಗೆ ಎಳೆದುಕೊಂಡ.

ಆಕೆ ಫೋನನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ತಂತಿ ಉದ್ದದ್ದೇ ಬೇಕೆಂದು ಹಾಕಲು ಬಂದವನಿಗೆ ಮೊದಲೇ ಹೇಳಿದ್ದಳು.